ಬೇಡದ ಕುರ್ಚಿ

ಆ ವರ್ಷ ಸರ್ಕಾರವನ್ನು ವಿರೋಧಿಸುವ ಕೆಲಸ ದರ್ಜಿಯ ಮನೆಗೆ ಬಂತು. ಅವನೇನು ಬೇಡಿ ಪಡೆದದ್ದಲ್ಲ, ಪಾಳಿ ಪ್ರಕಾರ ಬಂದದ್ದು. ಆ ದ್ವೀಪವೇ ಒಂದು ದೇಶ. ಬೀದಿಗಳು ಬೆರಳೆಣಿಕೆಯಷ್ಟು. ಅಲ್ಲಿರುವವರೆಲ್ಲ ಒಬ್ಬರಿಗೊಬ್ಬರು ಬೀಗರು, ನೆಂಟರು, ಇಲ್ಲವೇ ಮಾತು ಬಿಟ್ಟು ಮತ್ತೆ ಮಾತಾಡಿಸಿದವರು. ಇಂಥ ಕಡೆ ಯಾರು ಯಾರನ್ನು ವಿರೋಧಿಸುತ್ತಾರೆ ಹೇಳಿ? ಹಿಂದೊಮ್ಮೆ ಎಲ್ಲರೂ ಒಂದೇ ಬಾಯಲ್ಲಿ ಹೂಂ ಅಂದು ದೋಣಿಕಟ್ಟೆಯನ್ನು ಉತ್ತರದ ದಡದಲ್ಲಿ ಕಟ್ಟಿದರು. ಮೊದಲ ಬಿರುಗಾಳಿಗೇ ಸಮುದ್ರ ಅದನ್ನು ನುಂಗಿ ನೀರು ಕುಡಿಯಿತು. "ಅಲ್ಲಿ ಅಲೆ ಜೋರು ಅಂತ ನನಗೂ ಅನ್ನಿಸಿತ್ತು, ಆದ್ರೆ ಎಲ್ಲರೂ ಒಪ್ಪಿದ ಮೇಲೆ ನಾನೊಬ್ಬ ಹೇಗಪ್ಪಾ ಹೇಳ್ಲಿ" ಎಂದು ಆಮೇಲೆ ಪ್ರತಿಯೊಬ್ಬನೂ ಹೇಳಿದನಂತೆ. ಹಿರಿಯರು ತಲೆ ಚಚ್ಚಿಕೊಂಡು ಹೊಸ ಕಾನೂನು ಮಾಡಿದರು.

ಕಾನೂನು ಹೀಗಿದೆ. ಸಭೆಯಲ್ಲಿ ಏಳು ಜನ, ಅವರಲ್ಲೊಬ್ಬರು ಅಧ್ಯಕ್ಷರು. ಎಂಟನೆಯದು ವಿರೋಧಿಯ ಕುರ್ಚಿ, ಊರವರ ಬಾಯಲ್ಲಿ ಬೇಡದ ಕುರ್ಚಿ. ಯಾವ ಮಸೂದೆ ಬಂದರೂ ಅಲ್ಲಿ ಕೂತವನು ಎದ್ದು ನಿಂತು ಬೇಡ ಎಂದು ವಾದಿಸಬೇಕು. ವಾದ ಮುಗಿದ ಮೇಲೆ ಅಧ್ಯಕ್ಷರು "ಯಾರಿಗೆ ಅನುಮಾನ?" ಎಂದು ಕೇಳುತ್ತಾರೆ. ಏಳರಲ್ಲಿ ಒಂದು ಕೈಯೂ ಏಳದಿದ್ದರೆ ಯಾರೂ ಯೋಚನೆಯನ್ನೇ ಮಾಡಿಲ್ಲ ಎಂದು ಅರ್ಥ, ಮಸೂದೆ ಬಿತ್ತು. ಒಂದೋ ಎರಡೋ ಮೂರೋ ಎದ್ದರೆ ಯೋಚಿಸಿ ಒಪ್ಪಿದ್ದಾರೆ ಎಂದು ಅರ್ಥ, ಮಸೂದೆ ಪಾಸು. ಅದಕ್ಕಿಂತ ಹೆಚ್ಚಿಗೆ ಎದ್ದರೆ ಮಸೂದೆಯ ಜೊತೆ ಸರ್ಕಾರವೂ ಬಿತ್ತು. ಅಧ್ಯಕ್ಷರು ಇಳಿದು ಮನೆಗೆ ಹೋಗಬೇಕು, ವಿರೋಧಿ ಆ ಜಾಗಕ್ಕೆ ಬರಬೇಕು. ತಲೆ ತಿರುಗಿತೇ? ತಿರುಗಲಿ ಬಿಡಿ. ಹುಟ್ಟಿದಾಗಿನಿಂದ ಅಲ್ಲೇ ಇದ್ದ ದರ್ಜಿಗೇ ತಿರುಗುತ್ತಿತ್ತು.

ಅಂಗಡಿಗೆ ಬಂದವರಿಗಂತೂ ಅವನನ್ನು ಕೆಣಕುವುದೇ ಕೆಲಸ. "ಪ್ಯಾಂಟು ಸ್ವಲ್ಪ ಮೊಟಕು ಮಾಡ್ಬೇಕಿತ್ತು, ಬೇಡ ಅಂತೀಯೇನೋ?" ಎನ್ನುವರು. ಅವನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ನಗುತ್ತಿದ್ದ. ಬೀದಿದೀಪಕ್ಕೆ ಬೇಡ ಅಂದಿದ್ದ, ಶಾಲೆಯ ಹೆಂಚಿಗೆ ಬೇಡ ಅಂದಿದ್ದ, ಯಾವುದೂ ಮೈಗೆ ತಟ್ಟಿರಲಿಲ್ಲ. ರಾತ್ರಿ ದೋಣಿಯ ಮಸೂದೆ ಮಾತ್ರ ತಟ್ಟಿತು.

ಕತ್ತಲಾದ ಮೇಲೆ ದೋಣಿ ಬಿಚ್ಚಬಾರದು ಎಂಬುದು ಹಳೆಯ ಕಾನೂನು. ಡಾಕ್ಟರು ಇರುವುದು ಆಚೆ ದಡದಲ್ಲಿ. ದರ್ಜಿಯ ಹೆಂಡತಿಗೆ ಉಬ್ಬಸ. ಹಿಂದಿನ ಸಲ ಉಸಿರು ಕಟ್ಟಿದಾಗ ಅವಳು ಕಿಟಕಿಯ ಸರಳು ಹಿಡಿದು ಬೆಳಕು ಹರಿಯುವವರೆಗೆ ಕೂತಿದ್ದಳು. ಇವನು ಕೈಕಾಲು ಆಡದೆ ಪಕ್ಕದಲ್ಲಿ ನಿಂತಿದ್ದ, ಬೆನ್ನು ನೀವುವುದೋ ಗಾಳಿ ಬೀಸುವುದೋ ಅದೂ ತಿಳಿಯದೆ. "ಇನ್ನೊಂದು ಸಲ ಹೀಗಾದ್ರೆ ಬೆಳಗಿನ ತನಕ ಕಾಯೋ ಹಾಗಿಲ್ಲ, ತಕ್ಷಣ ಕರ್ಕೊಂಡು ಬರ್ಬೇಕು" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ಅಧ್ಯಕ್ಷೆಯಾಗಿದ್ದ ಟೀಚರಮ್ಮ ಅವನ ಹೆಂಡತಿಯ ಗೆಳತಿ. ಕಾಯಿಲೆಯವರಿಗಾಗಿ ರಾತ್ರಿಯೂ ದೋಣಿ ಬಿಡಬೇಕೆಂದು ಅವರೇ ಮಸೂದೆ ತಂದರು.

"ನಿನ್ನ ಜೀವಕ್ಕೆ ಬೇಕಾದ ದೋಣಿಗೆ ನಾನೇ ಬೇಡ ಅನ್ಬೇಕಲ್ಲೇ" ಎಂದ ದರ್ಜಿ, ತಟ್ಟೆಯ ಮುಂದೆ ಕೂತು, ತುತ್ತು ಎತ್ತದೆ.

"ಅನ್ನಿ. ಮದುವೆ ಆದಾಗಿಂದ ನಾನು ಹೇಳಿದ್ದಕ್ಕೆಲ್ಲ ಅಂತಾನೇ ಇದ್ದೀರಲ್ಲ, ಇದೊಂದಕ್ಕೆ ಏನ್ರೀ ನಾಚಿಕೆ?"

"ತಮಾಷೆ ಮಾಡ್ಬೇಡ ಕಣೇ. ಒಬ್ಬರೂ ಕೈ ಎತ್ತದೆ ಹೋದ್ರೆ?"

ಅದೊಂದು ಅವಳಿಗೂ ಹೊಳೆದಿರಲಿಲ್ಲ.

ಮರುದಿನ ದರ್ಜಿ ಸೀದಾ ಭಾವಮೈದನ ಸೈಕಲ್ ಅಂಗಡಿಗೆ ಹೋದ. ಅವನೂ ಸಭೆಯ ಸದಸ್ಯ. ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದವನ ಕಿವಿಯ ಹತ್ತಿರ ಬಗ್ಗಿ, "ನೀನೊಬ್ಬ ಕೈ ಎತ್ತು ಮಾರಾಯ, ಒಂದೇ ಸಾಕು" ಎಂದ.

"ಅಕ್ಕನ ದೋಣಿ ಮೇಲೆ ನಾನು ಅನುಮಾನ ಪಡೋದಾ ಭಾವ?"

"ಪಟ್ರೇನೇ ಕಣೋ ದೋಣಿ!"

ಭಾವಮೈದ ಟ್ಯೂಬನ್ನು ಪಕ್ಕಕ್ಕಿಟ್ಟು, ಆಯ್ತು ಎಂದ.

ಸಭೆ ನಡೆಯುವುದು ಹಳೆಯ ಉಗ್ರಾಣದ ಕೋಣೆಯಲ್ಲಿ. ಉದ್ದದ ಮೇಜು, ಕಿರ್ ಕಿರ್ ಎನ್ನುವ ಫ್ಯಾನು, ಬಾಗಿಲ ಬಳಿ ನೋಡಲು ಬಂದವರಿಗೊಂದು ಬೆಂಚು. ಅಂದು ಬೆಂಚಿನ ಮೇಲೆ ದರ್ಜಿಯ ಹೆಂಡತಿ ಇದ್ದಳು, ದೋಣಿಯವನೂ ಇದ್ದ. ದರ್ಜಿ ಎದ್ದು ನಿಂತು ಬಾಯಿಗೆ ಬಂದದ್ದನ್ನು ಹೇಳಿದ. ರಾತ್ರಿ ದೋಣಿಯ ಸದ್ದಿಗೆ ಮೀನು ಓಡಿಹೋಗುತ್ತವೆ ಎಂದ. ಡಾಕ್ಟರ ನಿದ್ದೆ ಕೆಡುತ್ತದೆ ಎಂದ. ಹೇಳುತ್ತ ಹೇಳುತ್ತ ಅವನಿಗೇ ಅಸಹ್ಯವಾಗಿ ಕೂತುಬಿಟ್ಟ.

"ಯಾರಿಗೆ ಅನುಮಾನ?" ಟೀಚರಮ್ಮ ಕೇಳಿದರು.

ಭಾವಮೈದ ಗ್ರೀಸು ಮೆತ್ತಿದ ಕೈ ಎತ್ತಿದ. ದರ್ಜಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಬೇಕರಿಯವನು ಕೈ ಎತ್ತಿದ. ಅದೇಕೆ ಎಂದು ತಿರುಗುವುದರೊಳಗೆ ಬಡಗಿಯ ಕೈ ಮೇಲಿತ್ತು. ಅಂಚೆಯವನದು, ಅದರ ಹಿಂದೆ ಇನ್ನಿಬ್ಬರದು. ಕೊನೆಗೆ, ಅಯ್ಯೋ, ಮಸೂದೆ ತಂದ ಟೀಚರಮ್ಮನವರದೂ! ಏಳಕ್ಕೆ ಏಳೂ ಕೈಗಳು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ಗರಬಡಿದವರ ಹಾಗೆ ಕೂತರು.

"ನೀನ್ಯಾಕೋ ಎತ್ತಿದೆ?" ಎಂದು ಬಡಗಿ ಬೇಕರಿಯವನ ಮೇಲೆ ಹರಿಹಾಯ್ದ.

"ನಿನ್ನೆ ಸಂಜೆ ಅವಳೇ ಬಂದು ಕೇಳ್ಕೊಂಡ್ಲಪ್ಪ, ಯಾರೂ ಎತ್ತದಿದ್ರೆ ಕಷ್ಟ, ನೀನೊಬ್ಬ ಎತ್ತಣ್ಣ ಅಂತ" ಎಂದು ಬೇಕರಿಯವನು ಬೆಂಚಿನ ಕಡೆ ತೋರಿಸಿದ. ದರ್ಜಿಯ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಉಳಿದವರನ್ನು ಯಾರೂ ಕೇಳದಿದ್ದರೂ ಅದೇ ಕಥೆ. ಪಾಪ, ಆ ಹೆಂಗಸಿನ ಪ್ರಾಣ, ನಾನಾದರೂ ಅನುಮಾನ ಪಡುತ್ತೇನೆ ಎಂದು ಪ್ರತಿಯೊಬ್ಬರೂ ಮನೆಯಿಂದಲೇ ನಿಶ್ಚಯ ಮಾಡಿಕೊಂಡು ಬಂದಿದ್ದರು. ಎಲ್ಲರ ಕರುಣೆಯೂ ಸೇರಿ ಮಸೂದೆಯ ಕತ್ತು ಹಿಸುಕಿತ್ತು. ಇಂಥ ಜನರನ್ನು ಬೈಯುವುದೋ, ಕಾಲಿಗೆ ಬೀಳುವುದೋ?

ಟೀಚರಮ್ಮ ಅಧ್ಯಕ್ಷರ ಗಂಟೆಯನ್ನು ದರ್ಜಿಯ ಕೈಗಿತ್ತು ಕೆಳಗಿಳಿದು ಬೆಂಚಿನ ಮೇಲೆ ಹೋಗಿ ಕೂತರು. ದರ್ಜಿ ಆ ದೇಶದ ಅಧ್ಯಕ್ಷನಾದ. ಅಳತೆಯ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು.

"ನಾನೀಗ ಅದೇ ಮಸೂದೆ ಮತ್ತೆ ತರಬಹುದಾ?" ಎಂದು ಮೇಜಿನ ತುದಿಯಲ್ಲಿ ಸಭೆಯ ಲೆಕ್ಕ ಬರೆಯುತ್ತಿದ್ದ ಗುಮಾಸ್ತನನ್ನು ಕೇಳಿದ.

"ಹೊಸ ಸರ್ಕಾರ ಏನನ್ನಾದ್ರೂ ತರಬಹುದು. ಮುಂದಿನ ವಾರ ತನ್ನಿ. ಆದ್ರೆ ವಿರೋಧ ಮಾಡೋರು ಬೇಕಲ್ಲ." ಗುಮಾಸ್ತ ಕನ್ನಡಕ ಸರಿಮಾಡಿಕೊಂಡ. "ಬೇಡದ ಕುರ್ಚಿ ಕೊಡೋದು ಮನೆಗೆ, ಮನುಷ್ಯನಿಗಲ್ಲ. ವರ್ಷ ಮುಗಿಯೋವರೆಗೂ ಅದು ನಿಮ್ಮ ಮನೇದೇ. ಮನೇಲಿ ಇನ್ಯಾರಿದ್ದಾರೆ?"

ಎಲ್ಲರ ಕಣ್ಣೂ ಬೆಂಚಿನ ಕಡೆ ಹೋಯಿತು.

ಆ ವಾರವೆಲ್ಲ ದರ್ಜಿಗೆ ಹೊಲಿಗೆ ನೆಟ್ಟಗೆ ಬೀಳಲಿಲ್ಲ. ಒಂದು ಅಂಗಿಗೆ ಎರಡೂ ಎಡತೋಳನ್ನೇ ಕೂರಿಸಿದ. ಭಾವಮೈದನೋ ಹತ್ತಿರವೇ ಸುಳಿಯಲೊಲ್ಲ. ಅಕ್ಕನ ದೋಣಿ ಮುಳುಗಿಸಿದ ಪುಣ್ಯಾತ್ಮ ಎಂದು ಬೀದಿಯವರೆಲ್ಲ ಅವನಿಗೆ ಉಗಿದು ಉಪ್ಪಿನಕಾಯಿ ಹಾಕಿದ್ದರು. "ಈ ಕೈ ಇನ್ನು ಹ್ಯಾಂಡಲ್ ಹಿಡಿಯೋಕೆ ಮಾತ್ರ ಭಾವ. ಬೇರೆ ಯಾರಾದ್ರೂ ಎತ್ತಲಿ" ಎಂದ. ಉಳಿದವರೂ ಹಾಗೇ ಅಂದುಕೊಂಡಿರುತ್ತಾರೆಂದು ದರ್ಜಿಗೆ ಅನ್ನಿಸಿತು. ಯಾರೂ ಎತ್ತದಿದ್ದರೆ ತಾನೇ ಎತ್ತಿಬಿಡುವುದು, ಸುಳ್ಳು ಅನುಮಾನವಾದರೇನು, ಕೈ ಕೈಯೇ ಎಂದು ಸಮಾಧಾನ ಮಾಡಿಕೊಂಡ.

ಸಭೆಯ ದಿನ ಹೆಂಡತಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಬೇಡದ ಕುರ್ಚಿಯಲ್ಲಿ ಕೂತಳು. ಮಸೂದೆ ಓದಿದ್ದಾಯಿತು. ಅವಳು ಎದ್ದಳು. ಮೀನು, ಡಾಕ್ಟರ ನಿದ್ದೆ ಎಂದು ಅವಳೂ ಏನೋ ಒದರಿ ಕೂರುತ್ತಾಳೆ ಎಂದುಕೊಂಡಿದ್ದ ದರ್ಜಿ. ಅವಳು ಅವನ ಕಡೆ ನೋಡಲೇ ಇಲ್ಲ. ಬಾಗಿಲ ಕಡೆ ತಿರುಗಿದಳು.

"ದೋಣಿಯಣ್ಣ, ನಿನ್ನನ್ನ ಯಾರಾದ್ರೂ ಕೇಳಿದ್ರಾ?"

ದೋಣಿಯವನು ತಬ್ಬಿಬ್ಬಾಗಿ ಎದ್ದು ನಿಂತ. "ಏನಮ್ಮ?"

"ರಾತ್ರಿ ಹೊತ್ತು ಆ ನೀರಲ್ಲಿ ಹೋಗ್ತೀಯಾ ಅಂತ."

"ಇಲ್ಲಮ್ಮ. ಯಾರೂ ಕೇಳಿಲ್ಲ."

"ನಾನೂ ಕೇಳಿಲ್ಲ" ಎಂದಳು ಅವಳು. ಉಸಿರು ಎಳೆದುಕೊಳ್ಳಲು ಸ್ವಲ್ಪ ತಡೆದಳು. "ಬೇಕರಿಗೆ ಹೋಗಿ ಕೈ ಎತ್ತಣ್ಣ ಅಂತ ಕೇಳಿದೆ. ಈ ದೋಣಿಯಣ್ಣನ ಮನೆ ಅದರ ಪಕ್ಕದ್ದೇ. ಇವನ ಎರಡು ಹೆಣ್ಣುಮಕ್ಕಳು ಹೊಸಲಲ್ಲಿ ಕೂತು ಆಡ್ತಿದ್ವು. ಅವನ್ನ ದಾಟ್ಕೊಂಡೇ ಹೋದೆ, ನನ್ನ ಜೀವದ್ದೇ ಚಿಂತೆ ನನಗೆ. ಕತ್ತಲಲ್ಲಿ ದೋಣಿ ಬಿಚ್ಚಬಾರದು ಅಂತ ಹಿಂದಿನವರು ಸುಮ್ನೆ ಮಾಡಿಲ್ಲ. ನನಗೆ ಉಸಿರು ಬರ್ಲಿ ಅಂತ ಆ ಮನೆ ಉಸಿರು ನಿಲ್ಲಿಸೋದಾ? ಬೇಡ. ಕುರ್ಚಿಗೋಸ್ಕರ ಹೇಳ್ತಿಲ್ಲ ನಾನು, ನಿಜವಾಗ್ಲೂ ಬೇಡ." ಅವಳು ಕೂತಳು. ಎದೆ ಸಣ್ಣಗೆ ಸುಯ್ಗುಡುವುದು ಮೇಜಿನ ಈಚೆಗೂ ಕೇಳಿಸುತ್ತಿತ್ತು.

ದರ್ಜಿಗೆ ತಡೆಯಲಾಗಲಿಲ್ಲ. "ನೀನೇನಂತೀಯೋ?" ಎಂದು ದೋಣಿಯವನನ್ನು ಕೇಳಿದ.

ದೋಣಿಯವನು ಟೋಪಿ ಹಿಚುಕುತ್ತ ನಿಂತ. "ಹೆದರಿಕೆ ಆಗುತ್ತೆ. ಸುಳ್ಳು ಯಾಕೆ ಹೇಳ್ಲಿ. ಕರೆದ್ರೆ ಬರ್ತೀನಿ, ಆದ್ರೆ ಹೆದರಿಕೆ ಆಗುತ್ತೆ."

"ಯಾರಿಗೆ ಅನುಮಾನ?" ಕೇಳಬೇಕಾದವನು ದರ್ಜಿಯೇ, ಕೇಳಿದ.

ಯಾರೂ ಕೈ ಎತ್ತಲಿಲ್ಲ. ಭಾವಮೈದ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಬೇಕರಿಯವನು ಬಡಗಿಯನ್ನು ನೋಡಿದ, ಬಡಗಿ ಅಂಚೆಯವನನ್ನು ನೋಡಿದ. ಇನ್ನು ದರ್ಜಿಯೇ ಎತ್ತಬೇಕು. ಎತ್ತುವುದೆಂದು ನಿಶ್ಚಯಿಸಿಯೇ ಬಂದಿದ್ದನಲ್ಲ, ಆದರೆ ಕೈ ಮೇಲೇಳಲಿಲ್ಲ. ಸುಳ್ಳು ಅನುಮಾನವಾಗಿದ್ದರೆ ಹಗುರವಾಗಿ ಏಳುತ್ತಿತ್ತು. ಈಗ ಅದು ನಿಜವಾಗಿಬಿಟ್ಟಿತ್ತು. ಕೈ ಎತ್ತಿದರೆ ಹೆಂಡತಿಯ ಮಾತು ಸರಿ ಎಂದಂತೆ, ಆದರೆ ದೋಣಿ ಕತ್ತಲಲ್ಲಿ ಹೊರಡುತ್ತದೆ. ಎತ್ತದಿದ್ದರೆ ಅವಳ ಮಾತು ತಪ್ಪು ಎಂದಂತೆ, ಆದರೆ ಅವಳು ಮತ್ತೆ ಆ ಕಿಟಕಿಯ ಸರಳು ಹಿಡಿದು ಕೂರಬೇಕು. ಹೌದು ಎಂದರೆ ಏನು, ಬೇಡ ಎಂದರೆ ಏನು, ಅವನ ತಲೆಯಲ್ಲಿ ಎಲ್ಲ ಕಲಸುಮೇಲೋಗರವಾಯಿತು. ಅವಳನ್ನು ಕಳೆದುಕೊಂಡ ಬದುಕು ಬೇಡ ಎಂಬುದೊಂದು ಅವನಿಗೆ ಗೊತ್ತಿತ್ತು. ಹೊಸಲಿನ ಮೇಲೆ ಕೂತ ಆ ಮಕ್ಕಳೂ ಕಣ್ಣಿನಿಂದ ಸರಿಯಲಿಲ್ಲ.

ಗುಮಾಸ್ತ ಕೆಮ್ಮಿದ.

ದರ್ಜಿ ಕೈ ಎತ್ತಿದ.

"ಒಂದು ಅನುಮಾನ. ಮಸೂದೆ ಪಾಸು" ಎಂದು ಗುಮಾಸ್ತ ಬರೆದುಕೊಂಡ. ಭಾವಮೈದ ಚಪ್ಪಾಳೆ ತಟ್ಟಲು ಹೋಗಿ ಅಕ್ಕನ ಮುಖ ನೋಡಿ ನಿಲ್ಲಿಸಿದ. ದೋಣಿಯವನು ಟೋಪಿ ಹಾಕಿಕೊಂಡು, ಲಾಟೀನು ಸರಿಯಿದೆಯೋ ನೋಡಬೇಕು ಎನ್ನುತ್ತ ಹೊರಗೆ ಹೋದ.

"ಇವತ್ತಿಂದ ನೀನು ರಾತ್ರಿ ಹೊರಟಾಗಲೆಲ್ಲ ನಾನೂ ಬರ್ತೀನಿ, ಯಾರ ಮನೇದೇ ಆಗ್ಲಿ" ಎಂದು ದರ್ಜಿ ಅವನ ಬೆನ್ನಿಗೆ ಕೂಗಿ ಹೇಳಿದ.

ಜನ ಒಬ್ಬೊಬ್ಬರೇ ಎದ್ದು ಹೋದರು. ಹೆಂಡತಿ ಮೇಜು ಸುತ್ತಿ ಬಂದು ಅವನ ಪಕ್ಕ ನಿಂತಳು.

"ನಿಜವಾಗ್ಲೂ ಅನುಮಾನ ಬಂತೇನ್ರೀ, ಇಲ್ಲಾ ನನಗೋಸ್ಕರ ಎತ್ತಿದ್ರಾ?"

"ಬಂತು ಕಣೇ" ಎಂದ ದರ್ಜಿ. "ಇನ್ನೂ ಹೋಗಿಲ್ಲ."

ಅವಳು ಅವನ ಮಣಿಕಟ್ಟು ಹಿಡಿದು, ಇನ್ನೂ ಮೇಲೇ ಇದ್ದ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು.