ಭಂಡಾರ ಹಚ್ಚಿಕೊಂಡ ನೀರುಜೀರುಂಡೆ

ನಾನು ಪೀರಪ್ಪ, ಚಪಳಗಾಂವದಲ್ಲಿ ಕುರಿ ಕಾಯುವವನು. ನನಗೆ ತಲೆ ಕೆಟ್ಟಿದೆ ಎಂದು ಊರೆಲ್ಲ ಆಡಿಕೊಳ್ಳುತ್ತಿದೆ. ಆಡಿಕೊಳ್ಳಲಿ, ಅವರ ಬಾಯಿಗೇನು ಕೆಲಸ! ನಡೆದದ್ದನ್ನು ನಾನೇ ಹೇಳುತ್ತೇನೆ.

ಮೊನ್ನೆ ಸಂಜೆ ಕುರಿ ಹೊಡೆದುಕೊಂಡು ಬಂದೆ. ಕಟ್ಟೆಯ ಮೇಲೆ ಮೊಮ್ಮಗಳು ಪ್ರಾಜಕ್ತಾಳ ಗಾಜಿನ ಬರಣಿ ಇತ್ತು. ನೀರಿನೊಳಗೆ ಒಣ ಖರ್ಜೂರದಷ್ಟು ದೊಡ್ಡ ಕರಿ ಹುಳ, ಮೈಸುತ್ತ ಹಳದಿ ಅಂಚು. ನಮ್ಮ ಕುರುಬರ ದೇವರು ಬಿರೋಬಾನ ಭಂಡಾರ ಹಚ್ಚಿಕೊಂಡೇ ಬಂದಿದೆ! ಅಂಥವರ ಮೇಲೆ ಇನ್ನೊಂದು ಹಿಡಿ ಅರಿಷಿಣಪುಡಿ ಎರಚದೆ ಬಿಡುವುದುಂಟೇ? ಸೊಂಟದ ಚೀಲಕ್ಕೆ ಕೈ ಹಾಕಿ ಬರಣಿಯೊಳಗೆ ಎರಚಿದೆ, ಪುಡಿ ನೀರಿನ ಮೇಲೆ ಕೆನೆಗಟ್ಟಿತು.

"ಬಿರೋಬಾಚ್ಯಾ ನಾವಾನಂ ಚಾಂಗಭಲಂ!" ಎಂದು ಮರಾಠಿಯಲ್ಲೇ ದೇವರಿಗೆ ಜೈಕಾರ ಹಾಕಿದೆ.

ಪ್ರಾಜಕ್ತಾ ಓಡಿ ಬಂದಳು. "ಮುತ್ಯಾ! ಏನ್ ಮಾಡಿದಿ ಇದು! ಅದು ಕುಂಡಿ ಮ್ಯಾಲ ಮಾಡಿ ರೆಕ್ಕಿ ಬುಡಕ ಗಾಳಿ ತುಂಬ್ಕೊತದ. ನೀ ಮುಚ್ಚಳಾನ ಹಾಕಿಬಿಟ್ಟಿ!"

"ಕುಂಡೀಲೆ ಉಸರಾಡ್ತದ? ಥೂ, ಇದೆಂಥಾ ದೇವರ ಬೇ?"

"ದೇವರಲ್ಲ ಅದು, ನೀರುಜೀರುಂಡಿ! ನಾಳಿ ಸೋಲಾಪುರ ಕಾಲೇಜಿನ್ಯಾಗ ಇದರ ಮ್ಯಾಲೇ ನನ್ನ ಪರೀಕ್ಷಾ ಅದ!"

ಅವಳು ಅತ್ತೇಬಿಟ್ಟಳು. ಆ ಹುಳವನ್ನು ಹೊಲದ ಹೊಂಡದಲ್ಲಿ ಕುಡುಗೋಲಿನಂಥ ಹಲ್ಲಿನ ಮರಿಯಾಗಿದ್ದಾಗ ಹಿಡಿದು ತಂದಿದ್ದಳು. ದಿನಾ ಕಪ್ಪೆಮರಿ ಹಾಕಿ ಸಾಕಿದಳು. ದರಿದ್ರದ್ದು ಅವುಗಳ ರಸ ಹೀರಿ ಸಿಪ್ಪೆ ಬಿಡುತ್ತಿತ್ತು. ಆಮೇಲೆ ಅವಳಿಟ್ಟ ಗಡಿಗೆಯ ಹಸಿ ಮಣ್ಣಿನಲ್ಲಿ ಗೂಡು ಮಾಡಿ ಮಲಗಿತು. ಕೋಳಿ ಕೆದರದಂತೆ ಆ ಮಣ್ಣಿನ ಗಡಿಗೆಯನ್ನು ಇವಳು ಕಾಯ್ದದ್ದೇ ಕಾಯ್ದದ್ದು. ಹೋದ ವಾರವಷ್ಟೇ ರೆಕ್ಕೆ ಮೂಡಿ ಹೊರಬಂದಿತ್ತು; ಆ ರೂಪ ನಾನು ನೋಡಿರಲೇ ಇಲ್ಲ.

ಗಡಬಡಿಸಿ ಹುಳವನ್ನು ಎತ್ತಿ ಧೋತರದಿಂದ ಒರೆಸಿದೆ. ಅದು ಅಂಗೈ ಮೇಲೆ ಹಾಲಿನಂಥದ್ದೇನೋ ಬಿಟ್ಟಿತು. ಏನು ನಾತ, ಅಪ್ಪಾ! ಕೈ ಸಡಿಲಾಗಿದ್ದೇ ತಡ, ಭರ್ ಎಂದು ಹಾರಿ ಮಾಳಿಗೆಯ ಸೋಲಾರ್ ತಟ್ಟೆಗೆ ಟಪ್ಪೆಂದು ಬಡಿಯಿತು.

"ಹೊಳಿಯೂದು ನೋಡಿ ನೀರಂತ ತಿಳ್ಕೊಂಡದ," ಎಂದು ಪ್ರಾಜಕ್ತಾ ಬಿಕ್ಕಿದಳು.

ಸುಳ್ಳೇಕೆ, ನನಗೆ ಖುಷಿಯಾಯಿತು. ಮೋಸ ಹೋದವನು ನಾನೊಬ್ಬನೇ ಅಲ್ಲವಲ್ಲ! ಎಪ್ಪತ್ತರ ಮೊಣಕಾಲು ಮರೆತು ಮೆಟ್ಟಿಲೇರಿದೆ, ರುಮಾಲು ಬಿಚ್ಚಿ ಅದರ ಮೇಲೆ ಹಾಕಿ ಎರಡೂ ಕೈಯಿಂದ ಮುಚ್ಚಿದೆ. ಆಗ ಓಣಿಯಲ್ಲಿ ಹೊರಟಿದ್ದ ಪಕ್ಕದ ಮನೆಯ ಅಮೋಗಸಿದ್ಧ ನಿಂತು ಕೂಗಿದ.

"ಕಾಕಾ, ಮಾಳಗಿ ಮ್ಯಾಲ ಏನ್ ಹಿಡಿದೀರಿ?"

ರುಮಾಲಿನ ಕೆಳಗೆ ಆರು ಕಾಲು ಪಟಪಟ ಒದೆಯುತ್ತಿದ್ದವು. ನನಗೆ ಕಣ್ಣಲ್ಲಿ ನೀರೇ ಬಂತು.

"ನಮ್ಮ ಪ್ರಾಜಕ್ತಾನ ಪರೀಕ್ಷಾ ಹಿಡಿದೀನೋ! ಇನ್ನಾ ಜೀವ ಅದ! ಹೊಂಡದ ನೀರು ತಗೊಂಡು ಬಾ, ಓಡು!"