ಗಾಣ ಕಟ್ಟದ ಸೋಮವಾರ

"ಇದರಾಗೆ ಎಣ್ಣೇನೇ ಇಲ್ಲ" ಎಂದ ಕೊಟ್ರಬಸಪ್ಪ.

ಕಿಟಕಿಯ ಬೆಳಕಿಗೆ ಕೈ ಹಿಡಿದು, ಟ್ಯೂಬಿನಿಂದ ಹಿಂಡಿಕೊಂಡದ್ದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಇನ್ನೊಮ್ಮೆ ಉಜ್ಜಿದ. ಬೆರಳು ಬಿಡಿಸಿದ, ಮತ್ತೆ ಕೂಡಿಸಿದ, ಎಳೆ ಬರುತ್ತದೋ ನೋಡಿದ. ಮೂಗಿಗೆ ಹಿಡಿದು ಕಣ್ಣು ಮುಚ್ಚಿದ. ಹೊಸದಾಗಿ ಹಿಂಡಿದ ಕುಸುಬೆ ಎಣ್ಣೆಯನ್ನೋ ಯಾರಾದರೂ ತಂದ ಕಲಬೆರಕೆ ಎಣ್ಣೆಯನ್ನೋ ಅವನು ಹೀಗೆಯೇ ನೋಡುತ್ತಿದ್ದುದು. ಜಗಳೂರಿನ ಸಂತೆಯಲ್ಲಿ ಅವನ ಎರಡು ಬೆರಳು ಒಪ್ಪಿದ ಎಣ್ಣೆಗೆ ಎದುರು ಮಾತಿರಲಿಲ್ಲ.

"ಬರೇ ನೀರು. ಆದ್ರೂ ಜಾರ್ತೈತಲ್ಲೇ! ಎಳ್ಳಲ್ಲ, ಶೇಂಗಾ ಅಲ್ಲ, ವಾಸನೆ ಅಂಬೋದೇ ಇಲ್ಲ. ಯಾವ ಗಾಣದಾಗೆ ತೆಗೆದಾರೋ ಇದನ್ನ!"

"ಗಾಣದಾಗಲ್ಲ. ದಾವಣಗೆರೆ ಔಷಧಿ ಅಂಗಡ್ಯಾಗೆ ಸಿಗ್ತೈತಂತೆ" ಎಂದಳು ಶಿವಗಂಗಮ್ಮ. ಮಂಚದ ಅಂಚಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಕೈಯಲ್ಲಿ ಆ ಟ್ಯೂಬಿನ ಪುಟ್ಟ ಮುಚ್ಚಳವಿತ್ತು. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

ಹಾಡಹಗಲು. ಮುಂಬಾಗಿಲಿಗೆ ಅಗಳಿ ಹಾಕಿತ್ತು. ಸೋಮವಾರ ಬಸವಣ್ಣನ ದಿನ, ಅವರ ಮನೆಯಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಉಳಿದ ದಿನಗಳಲ್ಲಿ ಹೊತ್ತು ಮೂಡುವ ಮೊದಲೇ ಶುರುವಾಗುವ ಗಾಣದ ಸದ್ದು ಇವತ್ತು ಇರಲಿಲ್ಲ. ಅತ್ತೆ ಶಂಕ್ರಮ್ಮ ಮಕ್ಕಳಿಬ್ಬರನ್ನೂ ಕರೆದುಕೊಂಡು ನ್ಯಾಮತಿಯಲ್ಲಿ ನೆಂಟರ ಹೊಸಮನೆ ಪ್ರವೇಶಕ್ಕೆ ಹೋಗಿದ್ದಳು. ಮನೆ ಎಷ್ಟು ಸುಮ್ಮನಿತ್ತೆಂದರೆ, ಹಿತ್ತಲಲ್ಲಿ ಎತ್ತು ಮೆಲುಕು ಹಾಕುವುದೂ ಒಳಗೆ ಕೇಳುತ್ತಿತ್ತು.

ಶಿವಗಂಗಮ್ಮ ನರ್ಸು ನಿರ್ಮಲಮ್ಮನ ಮನೆಗೆ ಹೋದದ್ದು ಒಂದು ಸೋಪಿನ ದೆಸೆಯಿಂದ.

ಗಾಣದ ಮನೆಯವರ ಮೈಗೆ ಒಂದು ವಾಸನೆ ಇರುತ್ತದೆ. ಹಿಂಡಿಯದು, ಬಿಸಿ ಎಣ್ಣೆಯದು, ಎತ್ತಿನದು ಎಲ್ಲ ಕೂಡಿದ್ದು. ಮದುವೆಯಾಗಿ ಬಂದ ಹೊಸದರಲ್ಲಿ ಶಿವಗಂಗಮ್ಮನಿಗೆ ತಲೆ ಸುತ್ತಿತ್ತು, ಆಮೇಲೆ ಅದಿಲ್ಲದೆ ನಿದ್ದೆ ಬರದಂತಾಯಿತು. ಹೀಗಿರುವಾಗ ಕೊಟ್ರಬಸಪ್ಪ ಹೋದ ಚಳಿಗಾಲದಲ್ಲಿ ಒಂದು ದಿನ ಪೇಟೆಯಿಂದ ಗಂಧದ ಸೋಪು ತಂದ. ದಿನಾ ಸಂಜೆ ಬಚ್ಚಲಿಗೆ ಹೋಗಿ ಮೈ ಕೆಂಪಗಾಗುವಂತೆ ಉಜ್ಜಿಕೊಳ್ಳತೊಡಗಿದ. "ಏನೋ ಕೊಟ್ರ, ಮತ್ತೊಂದು ಮದ್ವೆ ಗಿದ್ವೆ ಮಾಡ್ಕೊಳ್ತೀಯೇನೋ?" ಎಂದು ಶಂಕ್ರಮ್ಮ ಪಡಸಾಲೆಯಿಂದ ಕೂಗಿ ನಕ್ಕಿದ್ದಳು. ಅವನು ನಕ್ಕಿರಲಿಲ್ಲ. ಇಷ್ಟು ಉಜ್ಜಿಕೊಂಡವನು ಹಾಸಿಗೆಯನ್ನು ಮಾತ್ರ ಗಾಣದ ಕೋಣೆಗೆ ಒಯ್ದ. "ನಿನಗೆ ಸೇರಲ್ಲ, ಗೊತ್ತೈತೆ" ಎಂದಷ್ಟೇ ಹೇಳಿದ.

ತನ್ನ ಮೈಯ ವಾಸನೆ ಸೇರಲ್ಲ ಎಂದು ಅವನು ತಿಳಿದಿದ್ದಾನೆಂಬುದು ಅವಳಿಗೆ ಗೊತ್ತಿತ್ತು, ಹಾಗಲ್ಲ ಎಂದು ಹೇಳಲಾಗದೆ ತಿಂಗಳುಗಳೇ ಕಳೆದವು. ಒಂದು ದಿನ ಒಲೆಯ ಮುಂದೆ ಕೂತು ಹೊಗೆಯ ನೆಪದಲ್ಲಿ ಅತ್ತಳು.

ಮಾರನೆಯ ದಿನ ಹರಳೆಣ್ಣೆಯ ಸೀಸೆ ಹಿಡಿದು ನಿರ್ಮಲಮ್ಮನ ಬಾಗಿಲಿಗೆ ಹೋದಳು. ನಿರ್ಮಲಮ್ಮ ಹೊನ್ನಾಳಿ ಕಡೆಯವಳು, ಸರ್ಕಾರಿ ಹೆರಿಗೆ ನರ್ಸು, ಹಿಂದಿನ ಓಣಿಯಲ್ಲಿ ಬಾಡಿಗೆಗಿದ್ದಳು. ಒಂಟಿ ಹೆಂಗಸು, ಬಾಯಿ ಜೋರು.

"ಎಣ್ಣೆ ನಾನು ಕೇಳಿಲ್ಲವಲ್ರೀ."

"ಕೇಳಿಲ್ಲ. ಸುಮ್ನೆ ತಂದೆ."

"ಸುಮ್ನೆ ಎಣ್ಣೆ ತರೋ ಗಾಣಿಗರ ಮನೆ ಈ ಊರಾಗೆ ಇಲ್ಲ. ಕೂತ್ಕಳ್ರಿ. ಏನು ಸಮಾಚಾರ, ಹೇಳ್ರಿ."

ಹೇಳಲು ಬಹಳ ಹೊತ್ತು ಹಿಡಿಯಿತು. ನಿರ್ಮಲಮ್ಮ ಅಕ್ಕಿ ಆರಿಸುತ್ತ, ಅವಳ ಮುಖ ನೋಡದೆ ಕೇಳಿಸಿಕೊಂಡಳು. ಅದು ಒಳ್ಳೆಯದೇ ಆಯಿತು. ಗಂಡ ಹತ್ತಿರ ಬಂದರೆ ಗಾಯಕ್ಕೆ ಉಪ್ಪು ಸವರಿದಂತಾಗುವುದು, ಮಂಚದ ಚೌಕಟ್ಟನ್ನು ಹಿಡಿದುಕೊಂಡು ಹಲ್ಲು ಕಚ್ಚುವುದು, ಮುಖ ಆ ಕಡೆ ತಿರುಗಿಸಿಕೊಳ್ಳುವುದು.

"ಯಾವಾಗಿಂದ?"

"ಸಣ್ಣೋಳು ಹುಟ್ಟಿದಾಗಿಂದ."

ನಿರ್ಮಲಮ್ಮನ ಕೈ ಮೊರದಲ್ಲೇ ನಿಂತಿತು. "ನಿಮ್ಮ ಪ್ರೇಮನಾ? ಅದು ಈಗ ಲಂಗ ಎತ್ಕೊಂಡು ಇಸ್ಕೂಲಿಗೆ ಓಡ್ತೈತಲ್ರೀ! ಹೆರಿಗ್ಯಾಗೆ ಹೊಲಿಗೆ ಹಾಕಿದ್ರೇನು?"

"ಹಾಕಿದ್ರು. ನನಗೆ ಮೈಮ್ಯಾಲೆ ಎಚ್ಚರ ಇರ್ಲಿಲ್ಲ."

"ನಿಮ್ಮನೇರಿಗೆ ಗೊತ್ತೈತಾ?"

"ಅಯ್ಯೋ, ಇದನ್ನ ಹೆಂಗ್ರೀ ಹೇಳೋದು?"

"ಬಾಯಿಂದ. ಇನ್ನೆಲ್ಲಿಂದ ಹೇಳ್ತಾರೆ?" ನಿರ್ಮಲಮ್ಮ ಸಿಡುಕಿದಳು. ಆಮೇಲೆ ದನಿ ತಗ್ಗಿಸಿ, "ಮನೆ ತುಂಬ ಎಣ್ಣೆ ಇಟ್ಕೊಂಡು ಇಷ್ಟು ವರ್ಷ ಒಣಗಿದ್ರಲ್ಲಮ್ಮ" ಎಂದಳು.

ಆಗ ಶಿವಗಂಗಮ್ಮ ಇನ್ನೊಂದು ಸಂಗತಿಯನ್ನೂ ಹೇಳಿದಳು. ಚಳಿಗಾಲದಲ್ಲಿ ಒಂದು ಸಲ ಅವಳೇ ಯೋಚನೆ ಮಾಡಿ, ಗಂಡನಿಗೆ ತಿಳಿಯದ ಹಾಗೆ ಕುಸುಬೆ ಎಣ್ಣೆ ಹಚ್ಚಿಕೊಂಡಿದ್ದಳು. ಬೇರೆ ಗಂಡಸಾಗಿದ್ದರೆ ತಿಳಿಯುತ್ತಿರಲಿಲ್ಲವೇನೋ. ಆದರೆ ಅವನದು ಗಾಣಿಗರ ಮೂಗು. ಹತ್ತಿರ ಬಂದವನು ತಟ್ಟನೆ ತಡೆದು, ತನ್ನ ತೋಳನ್ನೇ ಮೂಸಿ ನೋಡಿಕೊಂಡ. "ಕುಸುಬೆ ನಾತ ಬರ್ತೈತಲ್ಲ ನನ್ನ ಮೈಯಾಗೆ! ಅದಕ್ಕೇ ನೀನು ಮುಖ ತಿರುಗಿಸ್ತೀಯ" ಎಂದ. ಇಲ್ಲ, ಅದು ನಿಮ್ಮದಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಮರುದಿನ ಸೋಪು ಬಂತು.

ನಿರ್ಮಲಮ್ಮ ನಗಲಿಲ್ಲ. ಮೊರ ಪಕ್ಕಕ್ಕಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು.

ಮುಂದಿನ ವಾರ ದಾವಣಗೆರೆಯಿಂದ ತರಿಸಿ ಕೊಟ್ಟದ್ದು ಈ ಟ್ಯೂಬು. "ಇದು ಜೆಲ್ಲಿ. ಒಳಗೆ ಪರೀಕ್ಷೆ ಮಾಡುವಾಗ ಡಾಕ್ಟ್ರು ಕೈಗೆ ಹಚ್ಕಳ್ತಾರೆ. ಏನೂ ಅಪಾಯ ಇಲ್ಲ, ನೀರಾಗೆ ತೊಳೆದ್ರೆ ಹೋಗ್ತೈತೆ. ಆದ್ರೆ ಕದ್ದು ಹಚ್ಕೋಬ್ಯಾಡ್ರಿ ಮತ್ತೆ. ಅವರಿಗೂ ಹೇಳ್ರಿ, ಅವಸರ ಮಾಡಬ್ಯಾಡ್ರಿ ಅಂತ. ಇದರಿಂದ ಆಗದಿದ್ರೆ ದೊಡ್ಡಾಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ."

ಇವತ್ತು ಶಿವಗಂಗಮ್ಮ ಗಂಡನಿಗೆ ಹೇಳಿದಳು. ಅರ್ಧ ಹೇಳಿದಳು. "ಈಚೆಗೆ ಸ್ವಲ್ಪ ನೋವಾಗ್ತೈತೆ. ವಯಸ್ಸಾಯ್ತಲ್ಲ. ನಿಮ್ಮ ಮೈ ವಾಸನೆ ಅಲ್ಲ, ಖರೇನೇ ಅಲ್ಲ" ಎಂದಳು. 'ಈಚೆಗೆ' ಎನ್ನುವ ಮಾತನ್ನು ಅವಳು ಮೊದಲೇ ಯೋಚಿಸಿ ಇಟ್ಟುಕೊಂಡಿದ್ದಳು.

ಕೊಟ್ರಬಸಪ್ಪ ಕಿಟಕಿಯಿಂದ ಈ ಕಡೆ ಬಂದ. ಬೆರಳನ್ನು ಪಂಚೆಗೆ ಒರೆಸಿಕೊಳ್ಳಲು ಹೋಗಿ ಹಾಗೆಯೇ ಬಿಟ್ಟ. ಮುಖದಲ್ಲಿ ಹುಡುಗರ ನಾಚಿಕೆ. "ಖರೇ ಹೇಳು. ನಾತ ಅಲ್ಲ?"

"ಅಲ್ಲ ಅಂದ್ನಲ್ಲ. ಆ ಸೋಪಿನ ವಾಸನೆಗೇ ನನಗೆ ತಲೆನೋವು ಬರೋದು."

ಅವನು ದೊಡ್ಡದಾಗಿ ನಕ್ಕ. ಎಷ್ಟೋ ತಿಂಗಳ ಮೇಲೆ ಕೇಳಿದ ನಗು. ಬೀದಿಗೆ ಕೇಳೀತೆಂದು ಅವಳು ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಆ ಕೈಯನ್ನು ಅವನು ಬಿಡಲಿಲ್ಲ.

ಹಗಲಿನಲ್ಲಿ ಅವರು ಒಬ್ಬರ ಮುಖ ಒಬ್ಬರು ಹಾಗೆ ನೋಡಿದ್ದೇ ಇಲ್ಲ. ಅವನ ಕಣ್ಣ ಕೆಳಗೆ ಹಳೆಯ ಸುಟ್ಟ ಗಾಯದ ಗುರುತೊಂದಿತ್ತು, ಇಷ್ಟು ವರ್ಷ ಬಡಿಸಿದರೂ ಅವಳು ಅದನ್ನು ಗಮನಿಸಿರಲಿಲ್ಲ. ಅವನು ಅವಸರ ಮಾಡಲಿಲ್ಲ. ತನಗೆ ಗೊತ್ತಿಲ್ಲದ ಕೆಲಸ ಕಲಿಯುವವನ ಹಾಗೆ, ಹೀಗಾ, ಸಾಕಾ, ಎಂದು ಮೆಲ್ಲಗೆ ಕೇಳಿದ. ಜೆಲ್ಲಿ ತಣ್ಣಗಿತ್ತು, ಅವಳು ಬೆಚ್ಚಿ ನಕ್ಕಳು, ಅವನೂ ನಕ್ಕ. ಅವಳ ಕೈ ತಾನಾಗಿಯೇ ಮಂಚದ ಚೌಕಟ್ಟನ್ನು ಹುಡುಕಿಕೊಂಡು ಹೋಯಿತು. ಗಟ್ಟಿಯಾಗಿ ಹಿಡಿದು, ಉಸಿರು ಬಿಗಿಹಿಡಿದು ಕಾದಳು. ಬರಬೇಕಾದ್ದು ಬರಲಿಲ್ಲ. ಇನ್ನೂ ಕಾದಳು. ಆಮೇಲೆ ಬೆರಳುಗಳು ಒಂದೊಂದಾಗಿ ಸಡಿಲವಾದವು. ಕೈ ಮರ ಬಿಟ್ಟು ಅವನ ಬೆನ್ನ ಮೇಲೆ ಬಂತು.

ಬಹಳ ಹೊತ್ತಿನ ಮೇಲೆ ಸೂರು ನೋಡುತ್ತ ಮಲಗಿದ್ದಾಗ ಅವಳ ಕಣ್ಣ ಕೊನೆಯಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಅದು ಸಂತೋಷದ್ದೇ. ಆ ಸಂತೋಷವೇ ಮಾತಾಗಿ ಬಿಟ್ಟಿತು.

"ನೋವೇ ಆಗಲಿಲ್ಲ ನೋಡ್ರಿ! ಸಣ್ಣೋಳು ಹುಟ್ಟಿದ ಮ್ಯಾಲೆ ಇವತ್ತೇ."

ಹಿತ್ತಲಲ್ಲಿ ಎತ್ತಿನ ಕೊರಳ ಗಂಟೆ ಒಂದು ಸಲ ಅಲುಗಿತು.

"ಏನಂದೆ?"

ಅವಳು ಸೆರಗು ಎಳೆದುಕೊಂಡಳು. "ಏನಿಲ್ಲ."

"ಸಣ್ಣೋಳು ಹುಟ್ಟಿದ ಮ್ಯಾಲೆ ಅಂದೆ." ಅವನು ಎದ್ದು ಕೂತಿದ್ದ. "ಈಚೆಗೆ ಅಂದಿದ್ಯಲ್ಲ?"

"ಅದೆಲ್ಲ ಈಗ ಯಾಕ್ರಿ? ಹೋಯ್ತಲ್ಲ."

"ಅಂದ್ರೆ ಅಷ್ಟೂ ವರ್ಷ..." ಅವನ ಕಣ್ಣು ಮಂಚದ ಚೌಕಟ್ಟಿನ ಮೇಲೆ ನಿಂತಿತ್ತು. ಅವಳ ಕಡೆಯ ಮರ ಒಂದೇ ಜಾಗದಲ್ಲಿ, ಒಂದು ಹಿಡಿಯ ಅಗಲ, ನುಣ್ಣಗೆ ಕಪ್ಪಾಗಿತ್ತು. "ನಾನು ನಿನ್ನ... ಪ್ರತೀ ಸಲಾನೂ? ಯಾಕೆ ಹೇಳಲಿಲ್ಲ?"

"ಹೆಂಗೆ ಹೇಳ್ಲಿ? ನಮ್ಮವ್ವ ಹೇಳಿ ಕಳಿಸಿದ್ಲು, ಹೆಣ್ಣು ಅಂದ್ಮ್ಯಾಲೆ ಸೈರಿಸ್ಕೋಬೇಕು ಅಂತ. ನೀವೇನು ಬೇಕಂತ ಮಾಡಿದ್ರಾ? ನಿಮಗೆ ಗೊತ್ತಿರ್ಲಿಲ್ಲ."

"ಗೊತ್ತಿರ್ಲಿಲ್ಲ" ಎಂದ ಅವನು. ಅದನ್ನೇ ಇನ್ನೊಮ್ಮೆ, ಯಾರೋ ಹೇಳಿಕೊಟ್ಟ ಮಾತಿನ ಹಾಗೆ ಹೇಳಿದ. ಅಂಗಿ ಹಾಕಿಕೊಂಡು ಹಿತ್ತಲಿಗೆ ಹೋದ. ಶಿವಗಂಗಮ್ಮ ಬಾಗಿಲಿಗೆ ಬಂದು ನೋಡಿದಾಗ ಅವನು ಎತ್ತಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಎತ್ತಿನ ಹೆಗಲ ಮೇಲೆ ನೊಗ ಉಜ್ಜಿ ಜಡ್ಡುಗಟ್ಟಿದ ಜಾಗದ ಮೇಲೆ ಕೈಯಿಟ್ಟಿದ್ದ.

ಆಮೇಲೆ ಅವನು ಬಹಳ ಒಳ್ಳೆಯವನಾದ. ಮೊದಲೇನೂ ಕೆಟ್ಟವನಾಗಿರಲಿಲ್ಲ, ಈಗ ಇನ್ನೂ ಒಳ್ಳೆಯವನಾದ. ನೀರಿನ ಕೊಡ ಅವಳ ಸೊಂಟದಿಂದ ತಾನೇ ಇಳಿಸಿಕೊಳ್ಳುವನು. ಚೊಂಬು ಕೊಡುವಾಗ ಬೆರಳು ತಾಗಿದರೆ ಕೈ ಹಿಂದಕ್ಕೆ ತೆಗೆದುಕೊಳ್ಳುವನು. ಬಚ್ಚಲ ಗೂಡಿನಲ್ಲಿ ಗಂಧದ ಸೋಪು ಒಣಗಿ ಬಿರಿಯಿತು. ಅವನ ಮೈಗೆ ಮೊದಲಿನ ಹಿಂಡಿಯ ವಾಸನೆ ತಿರುಗಿ ಬಂತು. ಆದರೆ ಅದನ್ನು ಅವಳು ದೂರದಿಂದಲೇ ಮೂಸಬೇಕಾಗಿತ್ತು. ಹಾಸಿಗೆ ಗಾಣದ ಕೋಣೆಯಲ್ಲೇ ಉಳಿಯಿತು.

ಒಂದು ಮುಂಜಾನೆ ಅವಳೇ ನಾಚಿಕೆ ಬಿಟ್ಟು ಅಲ್ಲಿಗೆ ಹೋದಳು. ಅವನು ಶೇಂಗಾ ಕೇರುತ್ತಿದ್ದ.

"ಅದು ಇನ್ನೂ ತುಂಬಾ ಐತೆ. ಟ್ಯೂಬು" ಎಂದಳು.

"ಇರ್ಲಿ ಬಿಡು."

"ನೋವಿಲ್ಲ ಅಂತ ಹೇಳಿದ್ನಲ್ರಿ ನಿಮಗೆ."

"ಈಗ ಇಲ್ಲ" ಎಂದ ಕೊಟ್ರಬಸಪ್ಪ. ಮೊರದಿಂದ ತಲೆ ಎತ್ತಲಿಲ್ಲ. "ಹತ್ರ ಬಂದ್ರೆ ನನಗೆ ಮಂಚದ ಆ ಮರ ಕಾಣ್ತೈತೆ ಕಣೇ."

ಓಣಿಯಲ್ಲಿ ನಿರ್ಮಲಮ್ಮ ಸಿಕ್ಕಾಗ, "ಏನಮ್ಮ, ಗುಣ ಆಯ್ತಾ?" ಎಂದು ಕಣ್ಣು ಮಿಟುಕಿಸಿ ಕೇಳಿದಳು. "ಆಯ್ತು" ಎಂದಳು ಶಿವಗಂಗಮ್ಮ. ಸುಳ್ಳೇನಲ್ಲ. ಮನೆಗೆ ಬಂದು ಟ್ಯೂಬನ್ನು ಗೂಡಿನಿಂದ ತೆಗೆದು ಟ್ರಂಕಿನಲ್ಲಿ, ಮದುವೆಯ ಸೀರೆಯ ಮಡಿಕೆಯೊಳಗೆ ಇಟ್ಟಳು. ಪ್ರೇಮ ದೊಡ್ಡವಳಾಗಿ ಗಂಡನ ಮನೆಗೆ ಹೊರಡುವ ದಿನ ತಾನು ಏನು ಹೇಳಬೇಕು, ಏನು ಹೇಳಬಾರದು ಎನ್ನುವುದು ಮಾತ್ರ ಅವಳಿಗೆ ಆವತ್ತೇ ಗೊತ್ತಾಯಿತು.

ಗಾಣಕ್ಕೂ ಒಂದು ಅಳು ಇದೆ. ಕಾಳು ಅರೆಯುವ ಒನಕೆಯ ತಲೆ ಮೇಲಿನ ಮರಕ್ಕೆ ಸಿಕ್ಕುವ ಸಂದಿನಲ್ಲಿ ಎಣ್ಣೆ ಆರಿದರೆ ಮರ ಮರಕ್ಕೆ ತಿಕ್ಕಿ ಕಿರ್ರೆನ್ನುತ್ತದೆ. ಆ ಸದ್ದನ್ನು ಕೊಟ್ರಬಸಪ್ಪ ಎಲ್ಲಿದ್ದರೂ ಸಹಿಸುವವನಲ್ಲ. ಸಂತೆಯ ದಾರಿಯಲ್ಲಿ ಅರ್ಧ ಓಣಿ ದಾಟಿದವನು ತಿರುಗಿ ಬಂದದ್ದುಂಟು, ಊಟದ ನಡುವೆ ಎಂಜಲುಗೈಯಲ್ಲೇ ಎದ್ದು ಹೋದದ್ದುಂಟು. "ಮರ ಅಳ್ತೈತೆ, ನಿಮಗೆ ಕಿವಿ ಇಲ್ಲೇನು?" ಎಂದು ಎಲ್ಲರ ಮೇಲೂ ರೇಗುತ್ತಿದ್ದ.

ಒಂದು ಮಧ್ಯಾಹ್ನ ಅವನು ಉಣ್ಣುತ್ತಿದ್ದ. ಶಿವಗಂಗಮ್ಮ ರೊಟ್ಟಿ ತಟ್ಟುತ್ತಿದ್ದಳು. ಕಣ್ಣಿಗೆ ಬಟ್ಟೆ ಕಟ್ಟಿದ ಎತ್ತು ತನ್ನ ಪಾಡಿಗೆ ತಾನು ಸುತ್ತುತ್ತಿತ್ತು. ಶಂಕ್ರಮ್ಮ ಗಾಣದ ಬಳಿ ಕೂತು ಕಾಳು ನೂಕುತ್ತಿದ್ದಳು. ಮೊದಲು ಸಣ್ಣಗೆ, ಆಮೇಲೆ ಉದ್ದಕ್ಕೆ, ಗಾಣ ಕಿರ್ರೆಂದಿತು.

ಅವಳು ಅಭ್ಯಾಸದಂತೆ ಅವನ ತಟ್ಟೆಗೆ ಮುಚ್ಚಲು ಮೊರ ಎತ್ತಿಕೊಂಡಳು. ಅವನು ಏಳಲಿಲ್ಲ. ತುತ್ತು ಹಿಡಿದ ಕೈ ತಟ್ಟೆಯ ಮೇಲೆ ನಿಂತಿತ್ತು. ತಲೆ ಸ್ವಲ್ಪ ವಾರೆಯಾಗಿತ್ತು.

"ಏ ಕೊಟ್ರ! ಗಾಣ ಅಳ್ತೈತೆ, ಕೇಳಿಸ್ಲಿಲ್ಲೇನೋ?" ಶಂಕ್ರಮ್ಮ ಕೂಗಿದಳು.

ಎತ್ತು ಸುತ್ತು ಬಂದಾಗಲೆಲ್ಲ ಆ ಸದ್ದು ಏರಿ, ಇಳಿದು, ಮತ್ತೆ ಏರಿತು. ಶಿವಗಂಗಮ್ಮ ಕೈಯ ಹಿಟ್ಟನ್ನು ಕೊಡವಿಕೊಂಡು ಎದ್ದಳು. ಹರಳೆಣ್ಣೆಯ ಡಬ್ಬಿ, ಚಿಂದಿ ಬಟ್ಟೆ ತೆಗೆದುಕೊಂಡು ಗಾಣದ ಕೋಣೆಗೆ ಹೋದಳು. ಎತ್ತನ್ನು ನಿಲ್ಲಿಸಿ, ಎಟುಕದ ಸಂದಿಗೆ ತುದಿಗಾಲಲ್ಲಿ ನಿಂತು ಎಣ್ಣೆ ಹಿಂಡಿದಳು. ಎತ್ತು ಮತ್ತೆ ನಡೆಯಿತು. ಮರ ಸುಮ್ಮನಾಯಿತು.

ಎಣ್ಣೆಗೈಯನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ಅವಳು ಅಲ್ಲೇ ನಿಂತಳು. ತೆರೆದ ಬಾಗಿಲಾಚೆ ಅವನು ಹಾಗೆಯೇ ಕೂತಿದ್ದ, ತುತ್ತು ಕೈಯಲ್ಲೇ ಇತ್ತು. ಸದ್ದು ನಿಂತ ಮೇಲೂ ಅವನು ತಲೆ ವಾರೆ ಮಾಡಿಕೊಂಡು ಕೇಳಿಸಿಕೊಳ್ಳುತ್ತಲೇ ಇದ್ದ.