ಕಲ್ಲಮ್ಮನ ಕಣ್ಣೊಳಗಿನ ಕೊಂಬೆ

ಕಣ್ಣುಬೇನೆ ಬಂದವರನ್ನು ನೋಡಿದರೆ ನೋಡಿದವರಿಗೂ ಹತ್ತುತ್ತದೆ ಎಂಬ ಮಾತನ್ನು ದಂಡಿನಶಿವರದಲ್ಲಿ ಭೈರಮ್ಮನಷ್ಟು ನಿಷ್ಠೆಯಿಂದ ಪಾಲಿಸಿದವರಿಲ್ಲ. ಮೊಮ್ಮಗಳು ಕಲ್ಲಮ್ಮನ ಎಡಗಣ್ಣು ಕೆಂಪಾದದ್ದೇ ತಡ, ಮಗುವಿಗೂ ಅದನ್ನೆತ್ತಿಕೊಂಡ ಸೊಸೆಗೂ ಬೆನ್ನು ತಿರುಗಿಸಿಕೊಂಡೇ ಓಡಾಡತೊಡಗಿದಳು. ಹಾಗೆ ಹಿಂದಕ್ಕೆ ಹೆಜ್ಜೆಯಿಡುತ್ತಾ ಒಮ್ಮೆ ಕೊಬ್ಬರಿ ರಾಶಿಯ ಮೇಲೆ ಕೂತೇಬಿಟ್ಟಳು.

ಅತ್ತೆ ಕಣ್ಣರಳಿಸಿದರೆ ಸೊಸೆ ಪುಟ್ಟಗಂಗಮ್ಮನಿಗೆ ಮದುವೆಯಾದಾಗಿನಿಂದಲೂ ಮಾತೇ ಹೊರಡುತ್ತಿರಲಿಲ್ಲ. ಈಗ ಎದುರಿಗಿದ್ದದ್ದು ಬರೀ ಬೆನ್ನು, ಮೇಲೊಂದು ಪುಟ್ಟ ತುರುಬು. ತುರುಬಿಗೇನು ಹೆದರುವುದು?

“ಪಕ್ಕದ್ಮನೆ ಚಿತ್ತಮ್ಮ ಹಸೀ ಬಾಣಂತಿ. ಎಲ್ಡು ತೊಟ್ಟು ಎದೆಹಾಲು ಇಸ್ಕಂಬಂದು ಮಗೀ ಕಣ್ಣಿಗೆ ಬುಡು,” ಎಂದಿತು ತುರುಬು.

“ಬುಡಾಕಿಲ್ಲ ಕಣತ್ತೆ. ಮಗಿ ಬೆಳಕು ಕಂಡ್ರೆ ಕಿರುಚ್ತೈತೆ. ತುರುವೇಕೆರೆ ಡಾಕ್ಟ್ರತ್ರ ಹೋಯ್ತೀನಿ.”

ಹೇಳಿದ್ದು ತಾನೇನಾ ಎಂದು ಪುಟ್ಟಗಂಗಮ್ಮ ಸುತ್ತ ನೋಡಿದಳು. ತುರುಬೂ ಗೊಣಗುತ್ತಾ ಬಸ್ಸು ಹತ್ತಿತು.

ಡಾಕ್ಟರು ಕಣ್ಣಿಗೆ ಹಳದಿ ಬಣ್ಣ ಬಿಟ್ಟು ದೀಪ ಹಿಡಿದರು. “ವೈರಸ್ಸಿನ ಹುಣ್ಣು ಕಣಮ್ಮ. ಕರಿಗುಡ್ಡೆ ಮೇಲೆ ಮರದ ಕೊಂಬೆ ಥರ ಕವಲೊಡೆದಿದೆ. ಈ ಹನಿ ಗಂಟೆಗೊಂದು ಸಲ ಬಿಡಿ. ತಪ್ಪಿಸಿದರೆ ಬಿಳಿ ಕಲೆ ಉಳಿದು ನೋಟ ಹೋದೀತು.”

ಭೈರಮ್ಮ ಗೋಡೆಯ ಕಡೆ ನೋಡಿಕೊಂಡೇ ಕೇಳಿದಳು: “ಕೊಂಬೆಯಾ? ನಮ್ದು ಬರೀ ತೆಂಗಿನ ತೋಟ ಕಣ್ ಸ್ವಾಮಿ. ಕೊಂಬೆ ಎಲ್ಲಿಂದ ಬಂತು?”

“ಯಾರಿಂದಲೋ ಅಂಟಿರುತ್ತೆ ಅಜ್ಜಿ.”

“ಹಂಗಾದ್ರೆ ಇವಳ ತವರಿಂದ್ಲೇ. ಶೆಟ್ಟಿಕೆರೆ ಮನೆ ಮುಂದೆ ಹುಣಸೆಮರ ಐತೆ!”

ಮನೆಯಲ್ಲಿ ಕಲ್ಲಮ್ಮ ಕಣ್ಣು ಬಿಗಿದುಕೊಂಡು ಒದ್ದಾಡಿದಳು. ಮೊದಲ ಹನಿ ಮೂಗಿಗೆ ಬಿತ್ತು, ಎರಡನೆಯದು ಕಿವಿಗೆ. ಪುಟ್ಟಗಂಗಮ್ಮ ಸೀಸೆ ಕೆಳಗಿಟ್ಟಳು. ಹೀಗಾದರೆ ಮಗುವಿನ ಕಣ್ಣು ಉಳಿದಂತೆಯೇ!

“ಅತ್ತೆ, ಇತ್ತಾಗೆ ತಿರುಗಿ. ಮಗಿ ತಲೆ ಹಿಡ್ಕಳಿ.”

“ನಂಗೂ ಬಂದ್ರೆ?”

“ನೋಡಿದ್ರೆ ಬರಾಕಿಲ್ಲ. ಆಮೇಲೆ ಸೋಪು ಹಚ್ಚಿ ಕೈ ತೊಳ್ಕಳಿ. ತಿರುಗೀ ಅಂದೆ!”

ಭೈರಮ್ಮ ತಿರುಗಿದಳು. ಒಂದಾದರೂ ಉಳಿಯಲೆಂದು ಒಂದು ಕಣ್ಣು ಮುಚ್ಚಿಕೊಂಡಿದ್ದಳು. ತೆರೆದ ಕಣ್ಣಿನ ತುಂಬ ನೀರು. ಇಷ್ಟು ದಿನ ತಾನು ಹೆದರಿದ್ದು ಇದಕ್ಕೇನಾ ಎನ್ನಿಸಿತು ಪುಟ್ಟಗಂಗಮ್ಮನಿಗೆ. ಹನಿ ನೇರವಾಗಿ ಬಿತ್ತು.

ಆಮೇಲೆ ಗಂಟೆಗಂಟೆಗೂ ಅವಳು ಕೂಗುವುದು, ಅತ್ತೆ ಕೈ ಒರೆಸಿಕೊಂಡು ಓಡಿ ಬರುವುದು. ಕೆಲವು ದಿನಗಳಲ್ಲಿ ಕಲ್ಲಮ್ಮ ಬಿಸಿಲಿನಲ್ಲಿ ಕಣ್ಣು ಬಿಟ್ಟು ಕೋಳಿ ಅಟ್ಟಿಸಿಕೊಂಡು ಓಡಿದಳು.

“ನಾನು ತಲೆ ಹಿಡ್ದಿದ್ಕೇ ಕಣೇ ವಾಸಿಯಾಗಿದ್ದು,” ಎಂದಳು ಭೈರಮ್ಮ, ಎರಡೂ ಕಣ್ಣರಳಿಸಿ.

“ಹೂಂ ಕಣತ್ತೆ. ಹನಿ ಬಿಟ್ಟಿದ್ದು ಮಾತ್ರ ನಾನು,” ಎಂದಳು ಪುಟ್ಟಗಂಗಮ್ಮ, ಆ ಕಣ್ಣುಗಳನ್ನೇ ನೋಡುತ್ತಾ.